ಕ್ಲಾರಿನೆಟ್‌ಗೆ ಲಿಗೇಚರ್ ಆರಿಸುವುದು ಹೇಗೆ? ದುಡ್ಡು ಕೊಡುವ ಮುಂಚೆ ಮಾಡಬೇಕಾದ ಪರೀಕ್ಷೆಗಳು

ಕ್ಲಾರಿನೆಟ್ ಕಲಿಯುವವರು, ಮಕ್ಕಳನ್ನು ಕಲಿಕೆಗೆ ಹಚ್ಚಿದ ತಂದೆತಾಯಂದಿರು, ಮದುವೆ ಬ್ಯಾಂಡ್‌ನಲ್ಲಿ ಊದುವವರು ಪದೇಪದೇ ಕೇಳುವ ಪ್ರಶ್ನೆ ಒಂದಿದೆ: "ಲಿಗೇಚರ್ ಬದಲಾಯಿಸಿದ್ರೆ ನಾದ ಸುಧಾರಿಸುತ್ತಾ? ಯಾವುದು ತಗೊಳ್ಳಲಿ?" ರೀಡನ್ನು, ಅಂದರೆ ಊದಿದಾಗ ಕಂಪಿಸುವ ತೆಳು ಸೀಳನ್ನು, ಬಾಯಿಗಿಡುವ ಮೌತ್‌ಪೀಸ್‌ಗೆ ಬಿಗಿದಿಡುವ ಪಟ್ಟಿಯೇ ಲಿಗೇಚರ್. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಲಿಗೇಚರ್ ನಾದವನ್ನು ಹುಟ್ಟಿಸುವುದಿಲ್ಲ, ಆದರೆ ಕೆಡಿಸಬಲ್ಲದು. ನಾದ ಹುಟ್ಟುವುದು ನಿಮ್ಮ ಉಸಿರು, ತುಟಿಯ ಹಿಡಿತ, ರೀಡ್ ಮತ್ತು ಮೌತ್‌ಪೀಸ್‌ನಿಂದ. ಈ ನಾಲ್ಕೂ ಸರಿಯಿದ್ದಾಗ ಲಿಗೇಚರ್ ತರುವ ವ್ಯತ್ಯಾಸ ಸಣ್ಣದು. ಅದನ್ನು ಎದುರು ಕೂತು ಕೇಳುವವರಿಗಿಂತ ಊದುವವರೇ ಹೆಚ್ಚು ಅನುಭವಿಸುತ್ತಾರೆ. ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೂ ಲಿಗೇಚರ್ ಸಿಗುತ್ತದೆ, ಹತ್ತು ಸಾವಿರ ದಾಟಿದವೂ ಇವೆ. ಸಣ್ಣ ವ್ಯತ್ಯಾಸಕ್ಕೆ ಎಷ್ಟು ಕೊಡಬೇಕೆಂಬ ತೀರ್ಮಾನ ನಿಮ್ಮ ಕಿವಿಯದ್ದಾಗಬೇಕು, ಜಾಹೀರಾತಿನದ್ದಲ್ಲ. ಆ ಕಿವಿಗೆ ಸಹಾಯವಾಗಲೆಂದೇ ಕೆಳಗಿನ ಹಂತಗಳು.

ಲಿಗೇಚರ್ ಮಾಡುವ ಕೆಲಸವೇನು?

ಬಾಯಿಗಿಡುವ ಭಾಗ ಮೌತ್‌ಪೀಸ್. ಅದರ ಕೆಳಮೈಯಲ್ಲಿರುವ ಚಪ್ಪಟೆ ಜಾಗಕ್ಕೆ ಟೇಬಲ್ ಎನ್ನುತ್ತಾರೆ. ರೀಡ್ ಕೂರುವುದು ಈ ಟೇಬಲ್ ಮೇಲೆ. ಅರುಂಡೊ ಡೊನ್ಯಾಕ್ಸ್ ಎಂಬ, ನಮ್ಮ ಜೊಂಡಿನಂತೆ ನೀರಿನ ಪಕ್ಕ ಬೆಳೆಯುವ ಗಿಡದ ದಂಟನ್ನು ಸೀಳಿ ಹೆರೆದು ರೀಡ್ ಮಾಡುತ್ತಾರೆ. ಉದ್ದ ಏಳು ಸೆಂಟಿಮೀಟರಿಗೆ ತುಸು ಕಡಿಮೆ. ಬುಡ ಸುಮಾರು 3 ಮಿಲಿಮೀಟರ್ ದಪ್ಪ, ತುದಿ ಮಾತ್ರ ಕಾಗದದಷ್ಟು ತೆಳು, ಹೆಚ್ಚುಕಡಿಮೆ 0.1 ಮಿಲಿಮೀಟರ್.

ಟೇಬಲ್ ಮುಗಿದಲ್ಲಿಂದ ಮೌತ್‌ಪೀಸ್ ಮೆಲ್ಲಗೆ ಬಾಗುತ್ತಾ ರೀಡಿನಿಂದ ದೂರ ಸರಿಯುತ್ತದೆ. ಈ ಬಾಗಿಗೆ ಫೇಸಿಂಗ್ ಎಂದು ಹೆಸರು. ನಮ್ಮಲ್ಲಿ ಹೆಚ್ಚಾಗಿ ಬಳಸುವ ಬಿ-ಫ್ಲಾಟ್ ಕ್ಲಾರಿನೆಟ್‌ನಲ್ಲಿ ತುದಿಗೆ ಬರುವ ಹೊತ್ತಿಗೆ ಎರಡರ ನಡುವೆ ಸುಮಾರು 1ರಿಂದ 1.2 ಮಿಲಿಮೀಟರ್ ಸಂದು ಉಳಿದಿರುತ್ತದೆ. ಯಾವ ತೂತನ್ನೂ ಮುಚ್ಚದೆ ಊದುವ ಸ್ವರಕ್ಕೆ 'ಓಪನ್ ಜಿ' ಎನ್ನುತ್ತಾರೆ. ಆ ಸ್ವರ ಊದುವಾಗ ರೀಡಿನ ತುದಿ ಈ ಸಂದಿನಲ್ಲಿ ಸೆಕೆಂಡಿಗೆ ಸುಮಾರು 350 ಸಲ ಆಡುತ್ತದೆ. ತುದಿ ಅಷ್ಟು ಚುರುಕಾಗಿ ಆಡಬೇಕಾದರೆ ಬುಡ ಅಲುಗದೆ, ಟೇಬಲ್‌ಗೆ ಸಂದಿಲ್ಲದಂತೆ ಅಂಟಿ ಕೂತಿರಬೇಕು. ಲಿಗೇಚರ್ ಅಂದರೆ ಹಾಗೆ ಕೂರಿಸುವ ಪಟ್ಟಿ.

ಓಲಗದವರು ಸೀವಾಳಿಗೆ, ಅಂದರೆ ತಮ್ಮ ವಾದ್ಯದ ರೀಡಿಗೆ, ದಾರ ಸುತ್ತಿ ಕಟ್ಟುವುದನ್ನು ನೋಡಿದ್ದರೆ ನಿಮಗೆ ಈ ಕೆಲಸದ ಅಂದಾಜು ಈಗಾಗಲೇ ಇದೆ. ಕ್ಲಾರಿನೆಟ್ಟಿಗೂ ಮೊದಲು ಕಟ್ಟುತ್ತಿದ್ದದ್ದು ದಾರವನ್ನೇ. ಸ್ಕ್ರೂ ಇರುವ ಲೋಹದ ಪಟ್ಟಿಯನ್ನು 19ನೇ ಶತಮಾನದ ಆರಂಭದಲ್ಲಿ ಬಳಕೆಗೆ ತಂದವನು ಈವಾನ್ ಮ್ಯೂಲರ್ ಎಂಬ ವಾದಕ ಎನ್ನುತ್ತಾರೆ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಇವತ್ತಿಗೂ ದಾರ ಕಟ್ಟಿಯೇ ಊದುವ ದೊಡ್ಡ ದೊಡ್ಡ ವಾದಕರಿದ್ದಾರೆ.

ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಕ್ಲಾರಿನೆಟ್ ಮತ್ತು ಈಗಿರುವ ಲಿಗೇಚರ್. ಒಂದೇ ನಂಬರಿನ (ಅಂದರೆ ಒಂದೇ ಗಡಸುತನದ), ಕನಿಷ್ಠ ನಾಲ್ಕೈದು ದಿನ ಊದಿ ಹದಕ್ಕೆ ಬಂದಿರುವ ಎರಡು ಮೂರು ರೀಡ್. ಒಂದೂವರೆ ಮೀಟರ್ ಗಟ್ಟಿ ಹತ್ತಿ ದಾರ. ರೆಕಾರ್ಡ್ ಮಾಡಲು ಫೋನ್. ಒಂದು ಲೋಟ ನೀರು, ಬರೆದುಕೊಳ್ಳಲು ಪುಸ್ತಕ. ಮತ್ತು ಅರ್ಧ ಗಂಟೆ ನಿಮ್ಮ ಜೊತೆ ಕೂರುವ ಒಬ್ಬ ಗೆಳೆಯ ಅಥವಾ ಮನೆಯವರು. ಅವರಿಗೆ ಸಂಗೀತ ಗೊತ್ತಿರಬೇಕೆಂದಿಲ್ಲ.

ಹಂತ 1: ತಪ್ಪು ಲಿಗೇಚರ್‌ನದೇ ಹೌದೇ, ನೋಡಿಕೊಳ್ಳಿ

ಮೊದಲನೆಯದು ಹೆಬ್ಬೆರಳಿನ ಪರೀಕ್ಷೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಕುರ್ಚಿಯಲ್ಲಿ ಕೂತು ಕ್ಲಾರಿನೆಟ್ಟಿನ ಬಾಯಿ, ಅಂದರೆ ಕೆಳಗಿನ ಬೆಲ್ ಭಾಗವನ್ನು ಮಂಡಿಗಳ ನಡುವೆ ಊರಿಕೊಳ್ಳಿ. ಬಲಗೈ ಎಂದಿನಂತೆ ವಾದ್ಯವನ್ನು ಹಿಡಿದಿರಲಿ. ಲಿಗೇಚರ್ ತೆಗೆದಿಡಿ. ಒದ್ದೆ ಮಾಡಿದ ರೀಡನ್ನು ಟೇಬಲ್ ಮೇಲೆ ಸರಿಯಾಗಿ ಇಟ್ಟು ಎಡಗೈ ಹೆಬ್ಬೆರಳಿನಿಂದ ಅದರ ಬುಡವನ್ನು ಒತ್ತಿ, ಉಳಿದ ಬೆರಳುಗಳಿಂದ ಮೌತ್‌ಪೀಸ್‌ನ ಬೆನ್ನನ್ನು ಹಿಡಿದುಕೊಳ್ಳಿ. ಓಪನ್ ಜಿಗೆ ಯಾವ ಬೆರಳೂ ಬೇಡವಾದ್ದರಿಂದ ಎಡಗೈ ಹೀಗೆ ಬಿಡುವಾಗಿರುತ್ತದೆ. ಈಗ ಆ ಒಂದೇ ಸ್ವರವನ್ನು ದೀರ್ಘವಾಗಿ ಊದಿ. ಬೆರಳಿನ ಒತ್ತಡವನ್ನು ಸ್ವಲ್ಪ ಹೆಚ್ಚಿಸಿ, ಸ್ವಲ್ಪ ಇಳಿಸಿ, ನಾದ ಯಾವಾಗ ಸಲೀಸಾಗಿ ತೆರೆದುಕೊಳ್ಳುತ್ತದೆ ಗಮನಿಸಿ. ಹೆಚ್ಚಿನವರಿಗೆ ಆಶ್ಚರ್ಯವಾಗುವುದು ಇಲ್ಲೇ: ರೀಡನ್ನು ಹಿಡಿದಿಡಲು ಬೇಕಾದ ಒತ್ತಡ ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ.

ಈಗ ಅದೇ ರೀಡನ್ನು ಲಿಗೇಚರ್ ಹಾಕಿ ಊದಿ. ಎರಡೂ ಒಂದೇ ತರಹ ಕೇಳಿಸಿದರೆ ನಿಮ್ಮ ಲಿಗೇಚರ್ ತನ್ನ ಕೆಲಸವನ್ನು ಮಾಡುತ್ತಿದೆ. ನಾದದ ಬಗ್ಗೆ ಅತೃಪ್ತಿ ಇದ್ದರೆ ಅದರ ಕಾರಣ ಬೇರೆಲ್ಲೋ ಇದೆ, ಹೊಸ ರೀಡ್ ಪೆಟ್ಟಿಗೆ ಕೊಳ್ಳಿ ಅಥವಾ ಗುರುಗಳ ಹತ್ತಿರ ತುಟಿಯ ಹಿಡಿತ ತೋರಿಸಿಕೊಳ್ಳಿ. ಬೆರಳಲ್ಲಿ ಹಿಡಿದಾಗ ಬಿಚ್ಚಿಕೊಂಡ ನಾದ ಲಿಗೇಚರ್ ಹಾಕಿದ ಕೂಡಲೇ ಮುಚ್ಚಿಕೊಂಡಿತೋ, ಆಗ ಮುಂದಿನ ಹಂತಗಳು ನಿಮಗೆ ಉಪಯೋಗಕ್ಕೆ ಬರುತ್ತವೆ.

ಎರಡನೆಯದು ಗಾಳಿ ಸೋರಿಕೆಯ ಪರೀಕ್ಷೆ. ಮೌತ್‌ಪೀಸ್ ಒಂದನ್ನೇ ಬಿಡಿಸಿಕೊಂಡು, ರೀಡ್ ಮತ್ತು ಲಿಗೇಚರ್ ಹಾಕಿ, ಕೆಳಗಿನ ತೂತನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ. ತುದಿಯಿಂದ ಗಾಳಿಯನ್ನು ಒಳಗೆಳೆದು ಬಾಯಿಂದ ತೆಗೆಯಿರಿ. ರೀಡ್ ಒಂದೆರಡು ಸೆಕೆಂಡು ಮುಚ್ಚಿಕೊಂಡಿದ್ದು ಆಮೇಲೆ 'ಟಪ್' ಎಂದು ಬಿಟ್ಟುಕೊಂಡರೆ ರೀಡ್ ಟೇಬಲ್‌ಗೆ ಚೆನ್ನಾಗಿ ಅಂಟಿದೆ. ಮುಚ್ಚಿಕೊಳ್ಳಲೇ ಇಲ್ಲ ಅಥವಾ ಆ ಕ್ಷಣವೇ ಬಿಟ್ಟುಕೊಂಡಿತು ಅಂದರೆ ಎಲ್ಲೋ ಸೋರುತ್ತಿದೆ. ಆಗ ಲಿಗೇಚರ್ ಮೇಲೆ ಅನುಮಾನ ಪಡುವ ಮೊದಲು ರೀಡ್ ಬದಲಿಸಿ ನೋಡಿ. ರೀಡಿನ ಅಡಿ ಸೊಟ್ಟಗಾಗಿ ಸೋರುವುದೇ ಹೆಚ್ಚು.

ಮೂರನೆಯದು ದಾರ. ರೀಡನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ದಾರದ ಒಂದು ತುದಿಯನ್ನು ಬುಡದ ಕಡೆಗೆ ಚಾಚಿಟ್ಟು, ಅದರ ಮೇಲೆಯೇ ಮೇಲಿನಿಂದ ಕೆಳಕ್ಕೆ ಒತ್ತೊತ್ತಾಗಿ ಹತ್ತು ಹನ್ನೆರಡು ಸುತ್ತು ಸುತ್ತಿ, ಕೊನೆಯಲ್ಲಿ ಎರಡೂ ತುದಿ ಸೇರಿಸಿ ಕಟ್ಟಿ. ಜರ್ಮನ್ ಮೌತ್‌ಪೀಸ್‌ಗಳಲ್ಲಿ ದಾರ ಜಾರದಿರಲು ಗೆರೆ ಕೊರೆದಿರುತ್ತಾರೆ, ನಮ್ಮಲ್ಲಿ ಸಿಗುವ ನುಣುಪಾದವುಗಳಲ್ಲಿ ಸ್ವಲ್ಪ ಕಷ್ಟ, ಎರಡು ಮೂರು ಸಲ ಪ್ರಯತ್ನಿಸಬೇಕಾಗುತ್ತದೆ. ಒಮ್ಮೆ ಕೂತಿತೆಂದರೆ ಎಲ್ಲ ಸ್ವರಗಳನ್ನೂ ಊದಿ ನೋಡಬಹುದು. ಹತ್ತು ರೂಪಾಯಿ ದಾರದಲ್ಲಿ ನಿಮ್ಮ ನಾದ ಗಮನಾರ್ಹವಾಗಿ ಸುಧಾರಿಸಿದರೆ ಹಳೆಯ ಲಿಗೇಚರ್ ಬದಲಿಸಲೇಬೇಕು. ದಾರವೇ ಇಷ್ಟವಾದರೆ ಅದನ್ನೇ ಮುಂದುವರಿಸಿದರೂ ತಪ್ಪಿಲ್ಲ.

ಹಂತ 2: ಇರುವುದನ್ನೇ ಸರಿಯಾಗಿ ಕೂರಿಸಿ

ಹೊಸದು ಬೇಕೆಂದು ಬರುವವರಲ್ಲಿ ಬಹಳಷ್ಟು ಮಂದಿಯ ಸಮಸ್ಯೆ ಈ ಹಂತದಲ್ಲೇ ಮುಗಿದುಹೋಗುತ್ತದೆ. ಅದಕ್ಕೇ ಇದನ್ನು ಕೊಳ್ಳುವ ಮಾತಿಗಿಂತ ಮೊದಲು ಇಟ್ಟಿದ್ದೇನೆ.

ಮೊದಲು ಮೌತ್‌ಪೀಸನ್ನು ಬ್ಯಾರಲ್‌ಗೆ, ಅಂದರೆ ಅದರ ಕೆಳಗಿನ ಗಿಡ್ಡ ಕೊಳವೆಗೆ, ತಿರುಗಿಸಿ ಕೂರಿಸಿ. ರೀಡ್ ಹಾಕಿದ ಮೇಲೆ ಈ ಕೆಲಸ ಮಾಡಿದರೆ ಕೈ ತಾನಾಗಿ ಲಿಗೇಚರನ್ನು ಹಿಡಿದು ತಿರುಗಿಸುತ್ತದೆ. ರೀಡ್ ಓರೆಯಾಗುತ್ತದೆ, ಲೋಹದ ಪಟ್ಟಿ ಸೊಟ್ಟಗಾಗುತ್ತದೆ. ಅರ್ಧಕ್ಕರ್ಧ ಲಿಗೇಚರ್‌ಗಳು ಹಾಳಾಗುವುದು ಹೀಗೇ ಎಂದು ನನ್ನ ನಂಬಿಕೆ.

ಲಿಗೇಚರನ್ನು ಸಡಿಲವಾಗಿ ಮೌತ್‌ಪೀಸ್ ಮೇಲೆ ಇಳಿಸಿ. ನಂತರ ರೀಡನ್ನು ಬುಡದ ಕಡೆಯಿಂದ, ಮೇಲಿನಿಂದ ಕೆಳಕ್ಕೆ ಅದರೊಳಗೆ ಜಾರಿಸಿ. ರೀಡ್ ಇಟ್ಟು ಆಮೇಲೆ ಲಿಗೇಚರ್ ಇಳಿಸಲು ಹೋದರೆ ಲೋಹದ ಅಂಚು ತೆಳುವಾದ ತುದಿಗೆ ತಾಗುತ್ತದೆ, ಒಂದು ರೀಡ್ ಅಲ್ಲಿಗೆ ಮುಗಿಯಿತು.

ಈಗ ಮೌತ್‌ಪೀಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬೆಳಕಿನ ಎದುರು ಹಿಡಿಯಿರಿ. ರೀಡಿನ ತುದಿಯ ಹಿಂದೆ ಮೌತ್‌ಪೀಸ್‌ನ ಕಪ್ಪು ಅಂಚು ಕೂದಲೆಳೆಯಷ್ಟು ಮಾತ್ರ ಕಾಣಬೇಕು. ಎಡಬಲದಲ್ಲಿ ರೀಡ್ ಸರಿಸಮ ಇರಬೇಕು. ತುದಿ ಹೆಚ್ಚು ಕೆಳಗಿದ್ದರೆ ಊದುವುದು ಹಗುರಾಗಿ ನಾದ ಪೀಚಲಾಗುತ್ತದೆ. ಅಂಚು ದಾಟಿ ಮೇಲಿದ್ದರೆ ಗಾಳಿ ತಡೆದು ಊದುವುದು ಭಾರವಾಗುತ್ತದೆ. ಲಿಗೇಚರ್‌ನಿಂದ ಬರುತ್ತದೆ ಎಂದುಕೊಳ್ಳುವ ಎಷ್ಟೋ 'ದುಂಡು ನಾದ', 'ಮೊನಚು ನಾದ' ನಿಜವಾಗಿ ರೀಡಿನ ಈ ಕೂದಲೆಳೆ ಅಂತರದ್ದು.

ಅನೇಕ ಮೌತ್‌ಪೀಸ್‌ಗಳ ಮೇಲೆ ಸುತ್ತ ಗೆರೆ ಕೊರೆದಿರುತ್ತಾರೆ. ಒಂದೇ ಗೆರೆಯಿದ್ದರೆ ಲಿಗೇಚರ್‌ನ ಮೇಲಂಚು ಅದಕ್ಕಿಂತ ಕೆಳಗಿರಲಿ, ಎರಡಿದ್ದರೆ ಅವುಗಳ ನಡುವೆ ಇರಲಿ. ಗೆರೆಯೇ ಇಲ್ಲದಿದ್ದರೆ ರೀಡಿನಲ್ಲಿ ಸಿಪ್ಪೆ ಉಳಿಸಿರುವ ಭಾಗದ ಮೇಲೆ ಮಾತ್ರ ಕೂರಿಸಿ, ಹೆರೆದ ಭಾಗಕ್ಕೆ ತಾಗಿಸಬೇಡಿ. ಅಲ್ಲಿ ಕಟ್ಟಿದರೆ ಆಡಬೇಕಾದ ಜಾಗವನ್ನೇ ಬಿಗಿದಂತೆ.

ಸ್ಕ್ರೂಗಳ ತಲೆ ಊದುವವರ ಬಲಗಡೆಗೆ ಬರಬೇಕು. ಎರಡು ಸ್ಕ್ರೂ ಇದ್ದರೆ ಕೆಳಗಿನದನ್ನು ಬೆರಳ ತುದಿಗೆ ತಡೆ ಸಿಗುವವರೆಗೆ ತಿರುಗಿಸಿ ನಿಲ್ಲಿಸಿ. ಮೇಲಿನದನ್ನು ಅದಕ್ಕಿಂತ ತುಸು ಕಡಿಮೆ, ರೀಡ್ ಪಕ್ಕಕ್ಕೆ ಜಾರದಷ್ಟು ಮಾತ್ರ ಬಿಗಿಯಿರಿ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಆಗುವಷ್ಟೇ ಬಿಗಿ ಸಾಕು. ಬೆರಳು ಬೆಳ್ಳಗಾಗುವಷ್ಟು ತಿರುಗಿಸಿದರೆ ಹೆಚ್ಚಾಯಿತು ಎಂದೇ ಅರ್ಥ.

ಒಮ್ಮೆ ನನ್ನ ಬಳಿ ಬಂದ ಹುಡುಗನ ರೀಡ್ ಬಿಚ್ಚಿ ನೋಡಿದಾಗ ಅದರ ಸಿಪ್ಪೆಯ ಮೇಲೆ ಪಟ್ಟಿಯ ಎರಡೂ ಅಂಚು ಉಗುರಿನಲ್ಲಿ ಗೀರಿದ ಹಾಗೆ ಅಚ್ಚೊತ್ತಿತ್ತು. ಅಡಿಭಾಗವನ್ನು ಕನ್ನಡಿಯ ಮೇಲಿಟ್ಟರೆ ರೀಡ್ ತೊಟ್ಟಿಲ ಹಾಗೆ ತೂಗುತ್ತಿತ್ತು. ಒದ್ದೆಯಾದ ರೀಡ್ ಉಬ್ಬುತ್ತದೆ. ಉಬ್ಬಲು ಎಡೆಯೇ ಇಲ್ಲದಂತೆ ಅದುಮಿದರೆ ಹೀಗೆ ಬಾಗುತ್ತದೆ, ಆಮೇಲೆ ಯಾವ ಲಿಗೇಚರ್ ಹಾಕಿದರೂ ಸೋರುತ್ತದೆ. ಕನ್ನಡಿಯ ಪರೀಕ್ಷೆಯನ್ನು ನೀವೂ ಮಾಡಿ. ತೂಗಾಡುವ ರೀಡುಗಳನ್ನು ಪಕ್ಕಕ್ಕಿಟ್ಟುಬಿಡಿ.

ಹಂತ 3: ನಿಮ್ಮ ಮೌತ್‌ಪೀಸ್‌ನ ಅಳತೆ ತಿಳಿದುಕೊಳ್ಳಿ

'ಬಿ-ಫ್ಲಾಟ್ ಕ್ಲಾರಿನೆಟ್ ಲಿಗೇಚರ್' ಎಂದು ಬರೆದಿದ್ದರೆ ಸಾಲದು. ಎಬೊನೈಟ್ ಎಂಬ ಗಡಸು ರಬ್ಬರಿನ ಮೌತ್‌ಪೀಸ್, ಪ್ಲಾಸ್ಟಿಕ್‌ನದು, ಗಾಜಿನದು ಇವುಗಳ ಸುತ್ತಳತೆಯಲ್ಲಿ ವ್ಯತ್ಯಾಸವಿರುತ್ತದೆ. ಜರ್ಮನ್ ಪದ್ಧತಿಯ ಮೌತ್‌ಪೀಸ್ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಬೋಮ್ ಪದ್ಧತಿಯದಕ್ಕಿಂತ ಸಣ್ಣ, ಅದರ ಲಿಗೇಚರ್ ಇದಕ್ಕೆ ಕೂರುವುದಿಲ್ಲ. ಎ ಕ್ಲಾರಿನೆಟ್ಟಿಗೂ ಬಿ-ಫ್ಲಾಟ್‌ಗೂ ಮೌತ್‌ಪೀಸ್ ಒಂದೇ, ಆದ್ದರಿಂದ ಲಿಗೇಚರ್ ಕೂಡ ಒಂದೇ ಸಾಕು. ಇ-ಫ್ಲಾಟ್‌ಗೆ ಚಿಕ್ಕದು, ಬೇಸ್ ಕ್ಲಾರಿನೆಟ್ಟಿಗೆ ದೊಡ್ಡದು. ಸ್ಯಾಕ್ಸೊಫೋನಿನದನ್ನು ತಂದು ಇದಕ್ಕೆ ಬಿಗಿಯುವವರನ್ನು ನೋಡಿದ್ದೇನೆ. ಪಟ್ಟಿ ಸುತ್ತಲೂ ಸಮವಾಗಿ ತಾಗುವುದಿಲ್ಲ, ಹಿಡಿತ ಎರಡೇ ಜಾಗದಲ್ಲಿ ಬೀಳುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವಾಗ ಮೌತ್‌ಪೀಸ್, ನೀವು ಬಳಸುವ ರೀಡ್ ಮತ್ತು ಮುಚ್ಚಳ ಮೂರನ್ನೂ ಜೊತೆಗೆ ಒಯ್ಯಿರಿ. ರೀಡ್ ಯಾಕೆಂದರೆ ಬುಡದ ದಪ್ಪ ಒಂದೊಂದು ಬಗೆಗೆ ಒಂದೊಂದು. ವ್ಯಾಂಡೊರೆನ್ ಕಂಪನಿಯದನ್ನೇ ತೆಗೆದುಕೊಂಡರೂ ಸಾಂಪ್ರದಾಯಿಕ ರೀಡಿನ ಬುಡಕ್ಕಿಂತ ವಿ-12ರ ಬುಡ ದಪ್ಪ. ಮುಚ್ಚಳ ಯಾಕೆಂದರೆ ಚರ್ಮ ಅಥವಾ ಬಟ್ಟೆಯಂಥ ಪಟ್ಟಿ ದಪ್ಪವಿರುವುದರಿಂದ ಹಳೆಯ ಮುಚ್ಚಳ ಅದರ ಮೇಲೆ ಕೂರದೇ ಹೋಗಬಹುದು. ಮುಚ್ಚಳ ಹಾಕಿದಾಗ ರೀಡಿನ ತುದಿಗೆ ಏನೂ ತಾಗಬಾರದು.

ಕೂರಿಸಿ ನೋಡುವಾಗ ಹೀಗೆ ಪರೀಕ್ಷಿಸಿ: ಸ್ಕ್ರೂ ಅರ್ಧ ದಾರಿಯಲ್ಲಿರುವಾಗಲೇ ಹಿಡಿತ ಸಿಗಬೇಕು. ಕೊನೆಯ ಸುತ್ತಿನವರೆಗೂ ತಿರುಗಿಸಬೇಕಾಗಿ ಬಂದರೆ ಲಿಗೇಚರ್ ದೊಡ್ಡದಾಯಿತು. ರೀಡ್ ಸಮೇತ ಕೆಳಗಿಳಿಯಲೇ ಒದ್ದಾಡಿದರೆ ಚಿಕ್ಕದಾಯಿತು. ಆನ್‌ಲೈನ್‌ನಲ್ಲಿ ತರಿಸುವವರು ಮೌತ್‌ಪೀಸ್‌ನ ಕಂಪನಿ ಮತ್ತು ಮಾದರಿಯ ಹೆಸರು ಹೇಳಿ ಕೇಳಿಯೇ ತರಿಸಿ, ವಾಪಸ್ ಕೊಡಲು ಆಗುತ್ತದೆಯೇ ಅದನ್ನೂ ನೋಡಿಕೊಳ್ಳಿ.

ಹಂತ 4: ಬಗೆಗಳನ್ನು ಅರಿತು ಎರಡಕ್ಕೆ ಇಳಿಸಿ

ಎರಡು ಸ್ಕ್ರೂಗಳ ಲೋಹದ ಪಟ್ಟಿ. ವಾದ್ಯದ ಜೊತೆ ಬರುವುದು ಸಾಮಾನ್ಯವಾಗಿ ಇದೇ. ಸ್ಕ್ರೂ ರೀಡಿನ ಕಡೆಗಿರುತ್ತದೆ. ಅಗ್ಗ, ಗಟ್ಟಿ, ಎಲ್ಲೆಡೆ ಸಿಗುತ್ತದೆ, ಮೇಲೆ ಕೆಳಗೆ ಬೇರೆಬೇರೆ ಬಿಗಿ ಕೊಡಬಹುದು. ದುಂಡಗಿನ ಆಕಾರ ಕೆಡದೆ ಉಳಿದಿದ್ದರೆ ಇದರಲ್ಲಿ ದೂರುವಂಥದ್ದು ಏನೂ ಇಲ್ಲ. ತೀರಾ ತೆಳು ತಗಡಿನವು ಮಾತ್ರ ಬೇಗ ಸೊಟ್ಟಗಾಗುತ್ತವೆ, ಸ್ಕ್ರೂವಿನ ಮರೆ, ಅಂದರೆ ಸುರುಳಿ ಗೆರೆ, ಸವೆಯುತ್ತದೆ.

ತಲೆಕೆಳಗಾದ ಪಟ್ಟಿ, ಅಂದರೆ ಸ್ಕ್ರೂ ಮೌತ್‌ಪೀಸ್‌ನ ಬೆನ್ನಿನ ಕಡೆಗಿರುವುದು. ಇದರಲ್ಲಿ ಹೆಸರುವಾಸಿಯಾದದ್ದು ಬೊನೇಡ್ ಮಾದರಿ. ಫಿಲಡೆಲ್ಫಿಯಾ ಆರ್ಕೆಸ್ಟ್ರಾದಲ್ಲಿ ಊದಿ, ಅಮೆರಿಕದಲ್ಲಿ ಒಂದು ತಲೆಮಾರಿನ ವಾದಕರನ್ನು ತಯಾರು ಮಾಡಿದ ಫ್ರಾನ್ಸಿನ ಡೇನಿಯಲ್ ಬೊನೇಡ್ ಅವರ ಹೆಸರು ಅದಕ್ಕಿದೆ. ಪಟ್ಟಿಯ ಒಳಗಡೆ ಉದ್ದಕ್ಕೆ ಎರಡು ಏಣುಗಳಿದ್ದು, ರೀಡಿಗೆ ತಾಗುವುದು ಅವು ಮಾತ್ರ. ನಾಲಿಗೆ ಹೊಡೆತಕ್ಕೆ ರೀಡ್ ಚುರುಕಾಗಿ ಎದ್ದು ಬರುತ್ತದೆ ಎನ್ನುವುದು ಇದನ್ನು ಮೆಚ್ಚುವವರ ಮಾತು. ನನಗೂ ಹಾಗೇ ಅನಿಸಿದೆ.

ಮೆತ್ತನೆಯ ಪಟ್ಟಿ. ಚರ್ಮದ್ದು, ಅಥವಾ ಚರ್ಮದಂಥ ನೇಯ್ಗೆಯದ್ದು, ಹೆಚ್ಚಾಗಿ ಒಂದೇ ಸ್ಕ್ರೂ. ರೊವ್ನರ್ ಕಂಪನಿ 1970ರ ದಶಕದಲ್ಲಿ ಇದನ್ನು ಜನಪ್ರಿಯಗೊಳಿಸಿತು. ಬಿಜಿ, ವ್ಯಾಂಡೊರೆನ್ ಕೂಡ ತಯಾರಿಸುತ್ತವೆ. ರೀಡನ್ನು ಅಗಲವಾಗಿ ಅಪ್ಪಿ ಹಿಡಿಯುತ್ತದೆ. ನಾದ ತುಸು ಮೃದು, ಮೊನಚು ಕಡಿಮೆ ಎಂದು ಹೆಚ್ಚಿನವರು ಹೇಳುತ್ತಾರೆ. ಹೊಸಬರಿಗೆ ಇದರ ದೊಡ್ಡ ಲಾಭ ಬೇರೆ: ಬಿಗಿಯುವಾಗ ಮಾಡುವ ತಪ್ಪನ್ನು ಇದು ಒಂದಿಷ್ಟು ತಾಳಿಕೊಳ್ಳುತ್ತದೆ, ಬಿದ್ದರೂ ಸೊಟ್ಟಗಾಗುವುದಿಲ್ಲ. ತೊಂದರೆ ಏನೆಂದರೆ ಉಗುಳು, ಬೆವರು ಹೀರಿ ಕಾಲಕ್ರಮೇಣ ಹಿಗ್ಗುತ್ತದೆ.

ಒತ್ತುತಟ್ಟೆ ಇರುವ ಲೋಹದ ಲಿಗೇಚರ್. ವ್ಯಾಂಡೊರೆನ್ ಆಪ್ಟಿಮಂ ಇದಕ್ಕೆ ಉದಾಹರಣೆ. ರೀಡಿಗೆ ತಾಗುವ ತಟ್ಟೆಯನ್ನು ಬದಲಿಸಬಹುದು, ಮೂರು ತಟ್ಟೆಗಳು ಜೊತೆಯಲ್ಲೇ ಬರುತ್ತವೆ. ಪ್ರಯೋಗ ಮಾಡಿ ಕಲಿಯಬೇಕೆನ್ನುವವರಿಗೆ ಒಳ್ಳೆಯದು. ಸ್ಪರ್ಶದ ಜಾಗ ಬದಲಾದಾಗ ತನಗೆ ಏನು ಬದಲಾದಂತೆ ಅನಿಸುತ್ತದೆ ಎಂಬುದನ್ನು ಒಂದೇ ಲಿಗೇಚರ್‌ನಲ್ಲಿ ತಿಳಿಯಬಹುದು.

ಹಗ್ಗದ್ದು. ಹೆಣೆದ ನಾರಿನ ಹುರಿಯನ್ನು ಸ್ಕ್ರೂವಿನಿಂದ ಬಿಗಿಯುವ ಸಿಲ್ವರ್‌ಸ್ಟೀನ್‌ನಂಥವು. ಹಳೆಯ ದಾರದ ಗುಣ, ಕಟ್ಟುವ ಶ್ರಮ ಇಲ್ಲ. ಬೆಲೆ ಮಾತ್ರ ಜಾಸ್ತಿ.

ಚಿನ್ನದ ಲೇಪನ, ಬೆಳ್ಳಿಯ ಲೇಪನದ ವಿಚಾರ ಬಹಳ ಮಂದಿ ಕೇಳುತ್ತಾರೆ. ಲೇಪನ ಎಷ್ಟು ತೆಳುವೆಂದರೆ ನಾದದ ಹೆಸರಲ್ಲಿ ಅದಕ್ಕೆ ಹೆಚ್ಚಿನ ಹಣ ಕೊಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಬೆಳ್ಳಿ ಕಪ್ಪಾಗುತ್ತದೆ, ಚಿನ್ನ ಕಪ್ಪಾಗುವುದಿಲ್ಲ ಎಂಬ ಕಾರಣಕ್ಕೆ ಬೇಕಾದರೆ ತೆಗೆದುಕೊಳ್ಳಿ.

ಈ ಬಗೆಗಳಲ್ಲಿ ಎರಡನ್ನು ಮಾತ್ರ ಆರಿಸಿ. ಐದಾರು ತಂದು ಒಂದೇ ದಿನ ಊದಿದರೆ ಮೂರನೆಯದಕ್ಕೆ ಬರುವಷ್ಟರಲ್ಲಿ ತುಟಿ ಸೋತಿರುತ್ತದೆ, ಕಿವಿಯೂ.

ಹಂತ 5: ಕಣ್ಣು ಕಟ್ಟಿ ಕೇಳಿ

ಕ್ಲಾರಿನೆಟ್ ಊದುವಾಗ ಮೇಲಿನ ಹಲ್ಲು ಮೌತ್‌ಪೀಸ್ ಮೇಲೆ ಕೂತಿರುತ್ತದೆ. ಕಂಪನ ಹಲ್ಲಿನ ಮೂಲಕ ನೇರ ತಲೆಬುರುಡೆಗೆ ಹೋಗಿ ಕಿವಿಯೊಳಗೆ ಕೇಳಿಸುತ್ತದೆ. ಲಿಗೇಚರ್ ಬದಲಾದಾಗ ಈ ಕಂಪನದ ಅನುಭವ ಬದಲಾಗುತ್ತದೆ, ಕೋಣೆಯಲ್ಲಿ ಕೂತವರಿಗೆ ಮಾತ್ರ ಅಷ್ಟೇ ಬದಲಾವಣೆ ತಲುಪದೇ ಇರಬಹುದು. ಜೊತೆಗೆ ದುಬಾರಿ ವಸ್ತು ಕೈಯಲ್ಲಿದ್ದಾಗ ಮನಸ್ಸು ಅದರ ಪರವಾಗಿ ನಿಲ್ಲುತ್ತದೆ, ಅದು ಯಾರನ್ನೂ ಬಿಟ್ಟಿಲ್ಲ. ಹಾಗಾಗಿ ಈ ಕ್ರಮ:

ಒಂದೇ ರೀಡ್ ಬಳಸಿ. ಲಿಗೇಚರ್ ಜೊತೆ ರೀಡನ್ನೂ ಬದಲಿಸಿದರೆ ಪರೀಕ್ಷೆ ದಂಡ. ಶುರು ಮಾಡುವ ಮುಂಚೆ ಹತ್ತು ನಿಮಿಷ ಊದಿ ರೀಡ್ ಪೂರ್ತಿ ನೆನೆದಿರಲಿ, ಇಲ್ಲದಿದ್ದರೆ ಅದು ನೆನೆಯುತ್ತಾ ಬದಲಾಗುವುದು ಲಿಗೇಚರ್‌ನ ಗುಣವೆಂದು ಕಾಣುತ್ತದೆ.

ಫೋನನ್ನು ಮೂರು ನಾಲ್ಕು ಮೀಟರ್ ದೂರ ಇಟ್ಟು ರೆಕಾರ್ಡ್ ಮಾಡಿ. ವಾದ್ಯದ ಬಾಯಿಗೆ ಹತ್ತಿರ ಹಿಡಿದರೆ ಗಾಳಿಯ ಸದ್ದು, ಕೀಲಿಗಳ ಸದ್ದೇ ಜಾಸ್ತಿ ಬೀಳುತ್ತದೆ.

ಜೊತೆಗಿರುವವರು ಲಿಗೇಚರ್ ಬದಲಿಸಲಿ. ಹಂತ 2ರಲ್ಲಿ ಹೇಳಿದ್ದನ್ನು ಅವರಿಗೆ ಮೊದಲು ಕಲಿಸಿಕೊಡಿ. ನೀವು ಕಣ್ಣು ಮುಚ್ಚಿರಿ. ಯಾವುದನ್ನು ಯಾವಾಗ ಹಾಕಿದರೆಂದು ಅವರು ಬರೆದುಕೊಳ್ಳಲಿ, ನಿಮಗೆ ಹೇಳುವುದು ಬೇಡ. ಕೆಲವು ಸಲ ಬದಲಿಸಿದಂತೆ ಮಾಡಿ ಅದನ್ನೇ ಹಾಕಲಿ. ಒಟ್ಟು ಎಂಟು ಸಲವಾದರೂ ಆಗಲಿ.

ಪ್ರತಿ ಸಲವೂ ಒಂದೇ ಪಾಠ ಊದಿ. ಪಾಶ್ಚಾತ್ಯ ಪದ್ಧತಿಯವರು ದೀರ್ಘ ಸ್ವರ, ಒಂದು ಸ್ಕೇಲ್, ನಾಲಿಗೆ ಹೊಡೆತದ ಒಂದು ಸಾಲು ಇಟ್ಟುಕೊಳ್ಳಬಹುದು. ಕರ್ನಾಟಕ ಸಂಗೀತ ಕಲಿಯುವವರಿಗೆ ಅಭ್ಯಾಸಗಾನದಲ್ಲೇ ಎಲ್ಲ ಇದೆ. ಮಂದ್ರದಲ್ಲಿ ಷಡ್ಜವನ್ನು ಒಂದು ಉಸಿರು ಪೂರ್ತಿ ಹಿಡಿಯಿರಿ, ನಾದದ ದುಂಡುತನ ತಿಳಿಯುತ್ತದೆ. ಮಾಯಾಮಾಳವಗೌಳದ ಜಂಟಿವರಸೆ ಊದಿ: ಸಸ ರಿರಿ ಗಗ ಮಮ ಎಂದು ಒಂದೇ ಸ್ವರ ಎರಡೆರಡು ಸಲ ಬರುವಾಗ ಎರಡನೆಯ ಹೊಡೆತಕ್ಕೆ ರೀಡ್ ತಡವರಿಸುತ್ತದೆಯೇ ಇಲ್ಲವೇ ಗೊತ್ತಾಗುತ್ತದೆ. ದಾಟುವರಸೆ ಊದಿ: ಸ್ವರ ಹಾರಿ ಹೋಗುವಾಗ 'ಕೀಚ್' ಎನ್ನುತ್ತದೆಯೇ ನೋಡಿ. ಆಮೇಲೆ ನಿಮಗೆ ಒಗ್ಗಿದ ಒಂದು ರಾಗದ ನಾಲ್ಕು ಸಾಲು ಗಮಕ. ಗಮಕದಲ್ಲಿ ತುಟಿಯ ಒತ್ತಡ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ರೀಡ್ ಪಕ್ಕಕ್ಕೆ ಸರಿಯುವ ಸಾಧ್ಯತೆ ಹೆಚ್ಚು. ಊದಿ ಮುಗಿಸಿದ ಮೇಲೆ ರೀಡ್ ಇಟ್ಟಲ್ಲೇ ಇದೆಯೇ ಎಂದು ಜೊತೆಯವರು ನೋಡಲಿ. ನನ್ನ ಮಟ್ಟಿಗೆ ನಮ್ಮ ಸಂಗೀತಕ್ಕೆ ಇದೇ ಎಲ್ಲಕ್ಕಿಂತ ಮುಖ್ಯ ಪರೀಕ್ಷೆ. ರಾಯಚೂರಿನ ಪಂಡಿತ ನರಸಿಂಹಲು ವಡವಾಟಿ ಹಿಂದೂಸ್ತಾನಿಯಲ್ಲಿ, ತಮಿಳುನಾಡಿನ ಎ.ಕೆ.ಸಿ. ನಟರಾಜನ್ ಕರ್ನಾಟಕ ಪದ್ಧತಿಯಲ್ಲಿ ಈ ವಾದ್ಯದಿಂದ ತೆಗೆದ ಜಾರು, ಎಳೆತಗಳನ್ನು ಕೇಳಿದರೆ ರೀಡ್ ಎಷ್ಟು ನಂಬಿಕೆಯಿಂದ ಕೂತಿರಬೇಕು ಎಂಬುದು ಅರ್ಥವಾಗುತ್ತದೆ.

ರೆಕಾರ್ಡಿಂಗನ್ನು ಆ ದಿನವೇ ಕೇಳಬೇಡಿ. ಮರುದಿನ ಬೆಳಿಗ್ಗೆ ಕೇಳಿ, ಪ್ರತಿಯೊಂದಕ್ಕೂ ಇಷ್ಟ, ಪರವಾಗಿಲ್ಲ, ಬೇಡ ಎಂದು ಬರೆದು, ಆಮೇಲೆ ಜೊತೆಯವರ ಚೀಟಿ ತೆಗೆದು ಹೋಲಿಸಿ. ಒಂದೇ ಲಿಗೇಚರ್‌ಗೆ ಬಹುತೇಕ ಎಲ್ಲ ಸಲ 'ಇಷ್ಟ' ಬಂದಿದ್ದರೆ ಕೊಳ್ಳಿ. ಕಲಸುಮೇಲೋಗರವಾಗಿದ್ದರೆ ನಾದದ ದೃಷ್ಟಿಯಿಂದ ಎರಡೂ ಒಂದೇ, ಆಗ ಬೆಲೆ, ಬಾಳಿಕೆ, ಕೈಗೆ ಅನುಕೂಲ ನೋಡಿ ಆರಿಸಿ. ಕೇಳುವವರಿಗೆ ಏನೂ ವ್ಯತ್ಯಾಸವಿಲ್ಲದಿದ್ದರೂ ಊದಲು ನಿಮಗೆ ಒಂದು ಹಿತವೆನಿಸಿದರೆ ಅದಕ್ಕೂ ಬೆಲೆಯಿದೆ. ಹಿತವಾಗಿ ಊದುವವರು ಹೆಚ್ಚು ಹೊತ್ತು ಸಾಧನೆ ಮಾಡುತ್ತಾರೆ.

ಹಂತ 6: ನಿಮ್ಮ ಬಳಕೆಗೆ ಹೊಂದಿಸಿ

ಮದುವೆ, ಮೆರವಣಿಗೆ ಬ್ಯಾಂಡ್‌ನವರಿಗೆ ಗಟ್ಟಿ ಲೋಹದ ಎರಡು ಸ್ಕ್ರೂ ಪಟ್ಟಿ. ಬಯಲಲ್ಲಿ, ತಮಟೆ ಡ್ರಮ್‌ಗಳ ನಡುವೆ ನಾದದ ಸೂಕ್ಷ್ಮ ವ್ಯತ್ಯಾಸ ಯಾರಿಗೂ ಮುಟ್ಟುವುದಿಲ್ಲ. ರೀಡ್ ಒಡೆದರೆ ನಡೆಯುತ್ತಲೇ ಬದಲಿಸಿ ಬಿಗಿಯಲು ಆಗಬೇಕು, ಅದು ಮುಖ್ಯ. ಜೇಬಿನಲ್ಲಿ ಇನ್ನೊಂದು ಇರಲಿ.

ಶಾಲೆಯ ಮಕ್ಕಳಿಗೆ ಒಂದು ಸ್ಕ್ರೂವಿನ ಮೆತ್ತನೆಯ ಪಟ್ಟಿ. ತಂದೆತಾಯಂದಿರಲ್ಲಿ ಒಂದು ಕೇಳಿಕೆ: ಮೊದಲ ಎರಡು ವರ್ಷ ದುಬಾರಿ ಲಿಗೇಚರ್‌ಗೆ ಹಾಕಬೇಕೆಂದಿರುವ ಹಣವನ್ನು ಒಳ್ಳೆಯ ರೀಡುಗಳಿಗೆ, ಉಳಿದರೆ ಒಂದು ಒಳ್ಳೆಯ ಮೌತ್‌ಪೀಸ್‌ಗೆ ಹಾಕಿ. ಮಗುವಿನ ನಾದದಲ್ಲಿ ಕೇಳಿಸುವಂಥ ಬದಲಾವಣೆ ಅಲ್ಲಿಂದ ಬರುತ್ತದೆ.

ಕಛೇರಿ ಮಾಡುವವರು, ಆರ್ಕೆಸ್ಟ್ರಾದಲ್ಲಿ ಊದುವವರು ಹಂತ 5ರ ಫಲಿತಾಂಶವನ್ನೇ ನಂಬಿ.

ಹಂತ 7: ಕೊಂಡ ಮೇಲೆ

ಊದಿ ಮುಗಿದ ಕೂಡಲೇ ಸ್ಕ್ರೂ ಸಡಿಲಿಸಿ ರೀಡ್ ತೆಗೆದು ಒರೆಸಿ ಅದರ ಡಬ್ಬಿಯಲ್ಲಿಡಿ. ಲಿಗೇಚರನ್ನು ಖಾಲಿ ಮೌತ್‌ಪೀಸ್‌ಗೆ ಸಡಿಲವಾಗಿ ಹಾಕಿ ಮೇಲೆ ಮುಚ್ಚಳ ಹಾಕಿಡಿ. ಪೆಟ್ಟಿಗೆಯಲ್ಲಿ ಬಿಡಿಯಾಗಿ ಎಸೆದರೆ ಏನಾದರೂ ಒತ್ತಿ ಅದರ ಆಕಾರ ಕೆಡುತ್ತದೆ. ಮೆತ್ತನೆಯ ಪಟ್ಟಿಯನ್ನು ಒಣಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಆರಿಸಿ, ಬಿಸಿಲಿಗೆ ಬೇಡ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಸ್ಕ್ರೂಗಳ ಬಗ್ಗೆ ಹೆಚ್ಚು ಎಚ್ಚರ ವಹಿಸಿ. ಉಪ್ಪುಗಾಳಿಗೆ ಮರೆಯಲ್ಲಿ ತುಕ್ಕು ಹಿಡಿದು, ಬಿಚ್ಚಲು ಇಕ್ಕಳ ಬೇಕಾಗುವ ಹಂತಕ್ಕೆ ಹೋಗುತ್ತದೆ. ತಿಂಗಳಿಗೊಮ್ಮೆ ಸ್ಕ್ರೂ ಪೂರ್ತಿ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಮರೆಯನ್ನು ಉಜ್ಜಿ, ಬೆಂಕಿಕಡ್ಡಿಯ ತುದಿಯಲ್ಲಿ ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಮುಟ್ಟಿಸಿ, ಹೆಚ್ಚಾದದ್ದನ್ನು ಒರೆಸಿಬಿಡಿ. ರೀಡಿಗೆ ತಾಗುವ ಒಳಮೈಗೆ ಎಣ್ಣೆ ಹತ್ತಬಾರದು. ಸ್ಕ್ರೂ ಕಳೆದುಹೋದರೆ ಇಡೀ ಲಿಗೇಚರ್ ಎಸೆಯಬೇಡಿ, ಅಂಗಡಿಯಲ್ಲಿ ಬಿಡಿ ಸ್ಕ್ರೂ ಕೇಳಿ. ಅದು ಸಿಗುವವರೆಗೆ ಹಂತ 1ರ ದಾರ ಪೆಟ್ಟಿಗೆಯಲ್ಲೇ ಇದೆ.